ರಕ್ತ ಬೇಕೆಂದು ಹೇಳಿ

ಮಂಡಿ ಡಾಕ್ಟರ್ ಸಾಹೇಬರಿಗೆ, ಹೇರೋಹಳ್ಳಿಯ ಕಬಡ್ಡಿ ಹುಲಿ ಹನುಮಂತರಾಯಪ್ಪನ ನಮಸ್ಕಾರ.

ನಾಳೆ ನನ್ನ ಮಂಡಿ ಬದಲಿಸುವಾಗ ರಕ್ತ ಹೆಚ್ಚು ಹೋಗದಂತೆ ಇಂಜೆಕ್ಷನ್ ಕೊಡುತ್ತೇವೆ, ಯಾರೂ ರಕ್ತ ಕೊಡಬೇಕಾಗಿಲ್ಲ ಎಂದಿರಿ. ಅದನ್ನು ಕೇಳಿ ನನ್ನ ಎದೆ ಕುಸಿಯಿತು.

ಉಲ್ಲಾಳದಲ್ಲಿ ನಾನು ಎತ್ತಿ ಆಡಿಸಿದ ಅಕ್ಕನ ಮಗ ಗಂಗಾಧರ ಇದ್ದಾನೆ. ಅವನ ಮದುವೆಯಲ್ಲಿ ಬೀಗರನ್ನು ಸ್ವಲ್ಪ ಗೇಲಿ ಮಾಡಿದೆ, ಅಷ್ಟೆ. "ನೀನು ಸತ್ರೂ ಬರಲ್ಲ ಮಾಮ" ಅಂದವನು ಇವತ್ತಿಗೂ ಬಂದಿಲ್ಲ. ಆದರೆ ರಕ್ತ ಬೇಕೆಂದರೆ ಗುರುತಿಲ್ಲದವರಿಗೂ ಓಡಿಹೋಗಿ ಕೊಡುತ್ತಾನೆ. ನಮ್ಮಿಬ್ಬರದೂ ಒಂದೇ ಬ್ಲಡ್ ಗ್ರೂಪ್.

ಅವನಿಗೆ ಫೋನ್ ಮಾಡಿ, ರಕ್ತ ಬೇಕೇಬೇಕು ಎಂದು ಒಂದು ಸುಳ್ಳು ಹೇಳಿ. ನಾನು ಇಂಥ ನೂರು ಹೇಳಿದ್ದೇನೆ, ಏನೂ ಆಗುವುದಿಲ್ಲ.

ಬರಲ್ಲ ಅಂದರೆ ಮಾತ್ರ, ಅವನು ಫೋನೇ ಎತ್ತಲಿಲ್ಲ ಎಂದು ನನಗೆ ಹೇಳಿಬಿಡಿ.

ಇಂತಿ ನಿಮ್ಮ ಪೇಷಂಟ್,
ಹನುಮಂತರಾಯಪ್ಪ