ಮನ್ಯಾಗ ಸುಮ್ನ ಇರ್ತೀನ್ರಿ

ಹುಬ್ಬಳ್ಳಿ, 11 ಮಾರ್ಚ್ 2109

ಮುತ್ತಜ್ಜಿ ಕೇತವ್ವ,

ಇಲ್ಲ, ನಾನು ಉಪಕಾರಗೇಡಿಯಲ್ಲ. ಅವ್ವ ಏನು ಬೇಕಾದರೂ ಅನ್ನಲಿ. ನಾನು ಬೈದದ್ದು ನೀನು ಹೇಳಿದ ಒಂದೇ ಒಂದು ಮಾತನ್ನು, ನಿನ್ನನ್ನಲ್ಲ.

ನಾನು ನಿನ್ನ ಮೊಮ್ಮಗಳ ಮಗ. ಈ ಕಾಗದ ನಿನ್ನ ಕಾಲಕ್ಕೆ ಮುಟ್ಟಿದರೆ ಆಗ ನಿನಗೆ ಇಪ್ಪತ್ತೆರಡು. ನನಗಿಂತ ಮೂರೇ ವರ್ಷ ದೊಡ್ಡವಳು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಮ್ಮ ಕಾಲದ ಮಾತು ನಿನಗೆ ತಿಳಿಯದಿದ್ದರೆ ಹೊಟ್ಟೆಗೆ ಹಾಕಿಕೊ.

ನಿಮ್ಮ ಮ್ಯಾದರ ಓಣಿ ಈಗಿಲ್ಲ. ಗುಡಿಸಲುಗಳಿದ್ದಲ್ಲಿ ಇಪ್ಪತ್ತೆರಡು ಮಹಡಿ ಎದ್ದಿದೆ, ನಾವು ಹದಿನೇಳರಲ್ಲಿದ್ದೇವೆ. ನಲ್ಲಿಯಲ್ಲಿ ನೀರು ಬರುತ್ತದೆ, ಮಾಡು ಸೋರುವುದಿಲ್ಲ, ಹಾವು ಬರುವುದಿಲ್ಲ. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಹದಿನಾಲ್ಕು ಅಡಿಯ ಬಿದಿರಿನ ಗಳ ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ತುಂಡು ಮಾಡಿದರೆ ತಟ್ಟಿ ಹೆಣೆಯಲು ಬರುವುದಿಲ್ಲ. ಅವ್ವ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾಳೆ. ತಿರುವಿನಲ್ಲಿ ಗೋಡೆಗೆ ತಾಗಿ ಸುಣ್ಣ ಉದುರುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ. ಒದ್ದೆ ಬಟ್ಟೆ ಸುತ್ತಿ ನೆನೆಸಿ, ಹೊಸ್ತಿಲಿಂದ ಅಡಿಗೆಮನೆವರೆಗೆ ಚಾಚಿ, ಬಾಗಿಲು ಮುಚ್ಚಿಕೊಂಡು ಕಳ್ಳಿಯಂತೆ ಸೀಳುತ್ತಾಳೆ. ನಮ್ಮ ಗೋಡೆಗಳೊಳಗೆ ಸದ್ದುಗಾವಲು ಇದೆ. ಮನೆಯಲ್ಲಿ ಕಸುಬಿನ ಸದ್ದಾದರೆ ಅದು ಕಟ್ಟಡದ ಕಚೇರಿಗೆ ತಿಳಿಸುತ್ತದೆ. ಹೋದ ಸೋಮವಾರ ತಿಳಿಸಿತು. ಕಚೇರಿಯವರು ಬಂದು ಗಳಗಳನ್ನೂ ಕತ್ತಿಯನ್ನೂ ಹೊತ್ತೊಯ್ದರು. ಅಂದಿನಿಂದ ಅವ್ವ ಚಹಾ ಕುಡಿಯುವಾಗಲೂ ಎಡಗೈ ಬೆರಳಲ್ಲಿ ಸೆರಗಿನ ಅಂಚನ್ನು ಹೆಣೆಯುತ್ತಾಳೆ, ಬಿಚ್ಚುತ್ತಾಳೆ.

ಗಳ, ಕತ್ತಿ ಬಿಡಿಸಿಕೊಂಡು ಬರಲು ಕಚೇರಿಗೆ ಹೋದೆ. ಅವರು ಮೂಲಪಟ್ಟಿ ತೆಗೆದರು. ಓಣಿ ಕೆಡವುವ ಮುಂಚೆ ಮನೆಮನೆಗೆ ಬಂದು, ದನಿಯ ಸಮೇತ ಬರೆದುಕೊಂಡ ಪಟ್ಟಿ ಅದು. ಅದರಲ್ಲಿಲ್ಲದ ಕಸುಬಿಗೆ ಇಲ್ಲಿ ಇವತ್ತಿಗೂ ಜಾಗವಿಲ್ಲ. ನಿನ್ನ ದನಿಯನ್ನೇ ಕೇಳಿಸಿದರು. "ಏನ್ ಉದ್ಯೋಗ ಮಾಡ್ತೀಯವ್ವಾ?" ಎಂದು ಪಟ್ಟಿಯವನು ಕೇಳುತ್ತಾನೆ. "ಏನಿಲ್ರೀ, ಮನ್ಯಾಗ ಸುಮ್ನ ಇರ್ತೀನ್ರಿ" ಅನ್ನುತ್ತೀ. ಅನ್ನುವಾಗಲೇ ಟರ್ರೆಂದು ಬಿದಿರು ಸೀಳುವ ಸದ್ದು. ನಿನ್ನ ಕೈ ನಿಂತೇ ಇಲ್ಲ. ನನಗೆ ಅಲ್ಲೇ ಅಳು ಬಂತು. ಆ ಸದ್ದು ಕೇಳ್ರಿ ಅಂದೆ. ಸದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉತ್ತರವನ್ನಷ್ಟೇ ಹಿಡಿಯುತ್ತೇವೆ ಅಂದರು. ಅವ್ವನನ್ನು ಹಿಡಿಯಲು ಮಾತ್ರ ಸದ್ದು ಸಾಕಾಗಿತ್ತು.

ಕಸುಬು ಇದೆ ಅಂದವರಿಗೆ ಮನೆ ಸಿಗುವುದಿಲ್ಲ ಎಂದು ಯಾರೋ ಹೆದರಿಸಿದ್ದರಂತೆ. ಇಡೀ ಓಣಿ ನಿನ್ನ ಹಾಗೆಯೇ ಹೇಳಿತು. ಮನೆ ಸಿಕ್ಕಿತು. ಕೂತು ಕೆಲಸ ಮಾಡುವ ನೆಲವನ್ನು ಯಾರೂ ಕೇಳಿರಲಿಲ್ಲ, ಯಾರೂ ಕೊಡಲಿಲ್ಲ.

ಈ ಕಾಗದ ಮುಟ್ಟುವ ಹೊತ್ತಿಗೆ ಪಟ್ಟಿಯವನು ಇನ್ನೂ ನಿನ್ನ ಬಾಗಿಲಿಗೆ ಬಂದಿರುವುದಿಲ್ಲ. ಬಂದಾಗ ಹೇಳು: "ಬುಟ್ಟಿ ಹೆಣಿತೀನ್ರಿ, ತಟ್ಟಿ ಹೆಣಿತೀನ್ರಿ. ಮನಿ ಜೋಡಿ ಗಳ ಸೀಳಾಕ ನೆಲಾನೂ ಬೇಕ್ರಿ." ನೀನೊಬ್ಬಳೇ ಹೇಳಿದರೆ ಸಾಲದು. ಓಣಿಯವರಿಂದೆಲ್ಲ ಹೇಳಿಸು.

ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. "ಸುಮ್ಕಿರೋ, ಇದ್ದ ಮನೀನೂ ಕಸ್ಕೊಂತಾರ" ಅನ್ನುತ್ತಾಳೆ. ನಿಮ್ಮ ಓಣಿಯ ಹೆದರಿಕೆಯೇ, ಒಂದಕ್ಷರ ಬದಲಾಗಿಲ್ಲ. ಕಚೇರಿಯವರ ಕಣ್ಣಿಗೆ ಬೀಳದ ಒಂದು ಗಳ ಮಂಚದ ಹಿಂದೆ ಉಳಿದಿದೆ. ಪಕ್ಕದ ಮನೆಯ ಕತ್ತಿ ತಂದಿದ್ದೇನೆ. ಕಚೇರಿಯ ಮುಂದೆ, ಎಲ್ಲರೂ ನೋಡುವಂತೆ ಸೀಳುತ್ತೇನೆ.

ಹೊರಟೆ. ಬಾಗಿಲು ಮೆಲ್ಲಗೆ ಹಾಕು ಅನ್ನುತ್ತಿದ್ದಾಳೆ. ಹಾಕುವುದಿಲ್ಲ. ಬಡಿದೇ ಹೋಗುತ್ತೇನೆ.