ದೋರನಹಳ್ಳಿ ಹತ್ತಿರ ನಿಂತ ಗಾಡಿ

ಮಂಗಳವಾರ, ಆಗಸ್ಟ್ 12, 2025

ಇವತ್ತೂ ಅಕ್ಕನ ಮರಣ ಪ್ರಮಾಣಪತ್ರ ಸಿಗಲಿಲ್ಲ. ಅವಳ ಮಗಳ ಹಾಸ್ಟೆಲ್ ಸೀಟಿಗೆ ಗುರುವಾರದೊಳಗೆ ಬೇಕು. ಅರ್ಜಿಯಲ್ಲಿ ‘ಮರಣ ಹೊಂದಿದ ಸ್ಥಳ’ ಎಂಬ ಒಂದು ಸಾಲು ಮಾತ್ರ ಖಾಲಿ ಇದೆ.

ಶಹಾಪುರದಿಂದ ಆಂಬುಲೆನ್ಸ್ ಹೊರಟಾಗ ಅಕ್ಕ ಮಾತಾಡುತ್ತಿದ್ದಳು. ಯಾದಗಿರಿಯಲ್ಲಿ ನಾಡಿ ಹಿಡಿದ ಡಾಕ್ಟರು, ದಾರಿಯಲ್ಲೇ ಹೋಗಿದ್ದಾರೆ ಎಂದರು.

ನೋಂದಣಿ ಕಚೇರಿಯ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. “ಗಾಡಿಯಾಗ ಜೀವ ಹೋದ್ರ, ಆಮ್ಯಾಲ ಗಾಡಿ ಮೊದಲ ಎಲ್ಲಿ ನಿಂತಿತೋ ಆ ಊರಾಗ ನೋಂದಣಿ ಆಗ್ತದ್ರಿ. ದಾರ್ಯಾಗ ಎಲ್ಲೆರ ನಿಂತಿತ್ತೇನ್ರಿ?”

ದೋರನಹಳ್ಳಿ ಹತ್ತಿರ ಕುರಿಹಿಂಡು ಅಡ್ಡ ಬಂದಾಗ ನಿಂತಿತ್ತು ಎಂದೆ.

“ಆವಾಗ ಜೀವ ಇತ್ತೇನ್ರಿ? ಬಾಜೂಕ ನೀವ ಇದ್ರಲ್ರಿ.”

ನಾಳೆ ಬಂದು ಹೇಳುತ್ತೇನೆಂದು ಎದ್ದು ಬಂದೆ. ನಾಳೆಗೆ ನನಗೆ ಹೊಸದಾಗಿ ಏನು ಗೊತ್ತಾಗುತ್ತದೆ?

ಎಷ್ಟು ಸಲ ನೆನೆಸಿಕೊಂಡರೂ ಇಷ್ಟೇ. ಕುರಿಗಳನ್ನು ಸರಿಸಲು ಡ್ರೈವರ್ ಸೈರನ್ ಹಾಕಿದ. ಅಕ್ಕನ ಕೈ ನನ್ನ ಕೈಯಲ್ಲೇ ಇತ್ತು. “ಬಂದ್ ಮಾಡ್ರಿ ಅಣ್ಣಾರ, ಅಕ್ಕಗ ಈಗರ ನಿದ್ದಿ ಹತ್ಯಾದ” ಎಂದವಳು ನಾನೇ.