ಎರಡು ಬೆರಳಿನ ಅಳತೆ

ಕೊಟ್ಟೂರು
12 ಆಗಸ್ಟ್ 2024

ಪ್ರೀತಿಯ ರೇಣುಕಾ,

ಹೇಗಿದ್ದೀ? ನಿಮ್ಮಮ್ಮನ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ನಾವಿಬ್ಬರೂ ಆರಾಮ. ಅರ್ಚನಾ ದಿನಾ ಫೋನಿನಲ್ಲಿ ನಿನಗೆ ಮನೆಯ ವರದಿಯನ್ನೆಲ್ಲ ಒಪ್ಪಿಸುತ್ತಾಳೆಂದು ಗೊತ್ತು. ನನ್ನ ಫೋನು ಮಾತ್ರ ನೀನು ಎತ್ತುವುದಿಲ್ಲ. ಮೂರು ವಾರವಾಯಿತು. ಅದಕ್ಕೇ ಹತ್ತನೇ ಕ್ಲಾಸಿನ ನಂತರ ಮೊದಲ ಸಲ ಕಾಗದ ಬರೆಯಲು ಕೂತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಿಮ್ಮಮ್ಮ ಮದುವೆಗೆ ಮುಂಚೆ ಹಾಕುತ್ತಿದ್ದ ಆರು ತುಂಡಿನ ಲಂಗದ ಫೋಟೋ ನೋಡಿ ಅರ್ಚನಾ ಅಂಥದ್ದೇ ಬೇಕೆಂದು ಹಟ ಹಿಡಿದಿದ್ದಳಲ್ಲ, ನೀನು ಬಟ್ಟೆಯನ್ನೂ ತಂದಿಟ್ಟಿದ್ದೆ. ಅವಳ ಹುಟ್ಟುಹಬ್ಬ ಹತ್ತಿರ ಬಂತು. ಅಪ್ಪ ಇದ್ದಾನಲ್ಲ ಎಂದು ಜಂಬ ಕೊಚ್ಚಿ ಎರಡು ದಿನ ರಜೆ ಹಾಕಿದೆ. ನಿಮ್ಮಮ್ಮ ಆ ಕಾಲದಲ್ಲಿ ಕತ್ತರಿಸಿಟ್ಟ ಕಂದು ಕಾಗದದ ಅಚ್ಚು ನಿನ್ನ ಟ್ರಂಕಿನಲ್ಲಿ ಸಿಕ್ಕಿತು. ಮೇಲೆ ಪೆನ್ಸಿಲಿನಲ್ಲಿ ‘ಹೊಲಿಗೆಗೆ ಸುತ್ತ ಎರಡು ಬೆರಳು ಬಿಡುವುದು’ ಎಂದಿತ್ತು. ಇದರಲ್ಲೇನು ಬ್ರಹ್ಮವಿದ್ಯೆ ಅಂದುಕೊಂಡು, ನನ್ನ ಎರಡು ಬೆರಳಿಟ್ಟು ಗೆರೆ ಎಳೆದು ಕತ್ತರಿಸಿಬಿಟ್ಟೆ.

ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಕೊಡುವ ಕಂಡಕ್ಟರ್ ನಾನು. ಇದ್ದಲ್ಲೇ ಇರುವ ನಿನ್ನ ಹೊಲಿಗೆ ಮಿಷನ್ನು ನನಗೆ ಬಗ್ಗಲಿಲ್ಲ! ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಹೋಗುತ್ತಿತ್ತು. ಮಧ್ಯಾಹ್ನದೊಳಗೆ ಸೊಂಟ ಹಿಡಿಯಿತು. ಸೂಜಿಯ ಪಕ್ಕ ನೀನು ಅಂಟಿಸಿರುವ ನೀಲಿ ಪಟ್ಟಿಗೆ ಬಟ್ಟೆಯ ಅಂಚು ತಾಗಿಸಿಕೊಂಡು ಹೋದರೆ ಹೊಲಿಗೆ ನೆಟ್ಟಗೆ ಬರುತ್ತದೆಂದು ಅರ್ಚನಾ ತೋರಿಸಿದಳು. ಅಂತೂ ಆರೂ ತುಂಡು ಸೇರಿದವು. ಮಗಳು ತೊಟ್ಟು ಕೈ ತೆಗೆದಳು, ಲಂಗ ಸೊಂಟದಿಂದ ಜಾರಿತು. “ಅಪ್ಪಾ, ಇದು ನಿನಗ ಆಗ್ತೈತಿ, ನೀನ ಹಾಕ್ಕೊ” ಅಂದಳು.

ಅಳೆದರೆ ಮೂರು ಇಂಚು ಹೆಚ್ಚು. ತಲೆ ಕೆರೆದುಕೊಂಡು ಕೂತೆ. “ಆ ಪಟ್ಟಿ ಅಮ್ಮ ತನ್ನ ಎರಡು ಬೆರಳಿಟ್ಟು ಅಂಟಿಸ್ಯಾಳಪ್ಪ” ಎಂದು ಮಗಳೇ ಹೇಳಬೇಕಾಯಿತು. ಕತ್ತರಿಸಿದ್ದು ನನ್ನ ದಪ್ಪ ಬೆರಳಿನ ಅಳತೆಗೆ, ಹೊಲಿದದ್ದು ನಿನ್ನ ಬೆರಳಿನ ಅಳತೆಗೆ. ಅಂಚಿಗೆ ಕಾಲು ಇಂಚಿನಂತೆ ಆರು ತುಂಡಿನ ಹನ್ನೆರಡು ಅಂಚಿಗೆ ಮೂರು ಇಂಚು. ಹದಿನಾಲ್ಕು ವರ್ಷ ಆ ಕೈ ತಟ್ಟಿದ ರೊಟ್ಟಿ ತಿಂದಿದ್ದೇನೆ, ಆ ಬೆರಳು ಅಷ್ಟು ಸಣ್ಣವೆಂದು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು, ರೇಣುಕಾ.

ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಡುತ್ತೇನೆಂದು ನೀನು ಅಂದಾಗ, ನಿನ್ನ ಅಣ್ಣ ಜಂಬುನಾಥ, ಅತ್ತಿಗೆ ಎದುರಿಗಿದ್ದರೂ “ನಾನು ದಿನಾ ನಿಂತು ದುಡೀತೀನಿ, ಕುಂತು ತುಳಿಯೋದೂ ಒಂದು ಕೆಲಸ ಏನು?” ಅಂದೆ. ಅವರು ನಕ್ಕರು, ನೀನು ನಗಲಿಲ್ಲ. ಅವತ್ತೇ ನೀನು ಅವರ ಜೊತೆ ಹರಪನಹಳ್ಳಿಗೆ, ತವರಿಗೆ ಹೊರಟೆ. ನಾನು ಬಾಗಿಲವರೆಗೂ ಬರಲಿಲ್ಲ, ಟಿವಿ ನೋಡುತ್ತಾ ಕೂತೆ. ಬೀದಿ ಕಡೆಯ ಆ ಕೋಣೆಯಲ್ಲಿದ್ದ ನನ್ನ ಮಂಚವನ್ನು ನಿನ್ನೆ ಒಳಗೆ ಎಳೆದು ಹಾಕಿದ್ದೇನೆ. ಈಗ ಲಂಗದ ಹೊಲಿಗೆ ಬಿಚ್ಚುತ್ತಿದ್ದೇನೆ. ಹೊಲಿಯುವುದಕ್ಕಿಂತ ಬಿಚ್ಚುವುದೇ ನಿಧಾನ.

ಊಟ ಸರಿಯಾಗಿ ಮಾಡು. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಗುರುಬಸವರಾಜ

ತಾ.ಕ.: ಇದನ್ನು ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಭಾನುವಾರ ಅರ್ಚನಾ, ನಾನು ಬರುತ್ತೇವೆ. ನಿನ್ನನ್ನು ಕರೆದುಕೊಂಡು ಹೋಗಲು ಅಲ್ಲ, ಬರುವುದು ಬಿಡುವುದು ನಿನ್ನಿಷ್ಟ. ಅಣ್ಣ ಅತ್ತಿಗೆಯ ಎದುರು ಆಡಿದ ಮಾತನ್ನು ಅವರ ಎದುರಿಗೇ ತಪ್ಪಾಯಿತು ಅಂತ ಹೇಳಿ, ಸಂಜೆ ಬಸ್ಸಿಗೆ ತಿರುಗಿ ಹೋಗುತ್ತೇವೆ. ನಾನು ಅದನ್ನು ಹೇಳುವಾಗ ನೀನು ಅಡುಗೆಮನೆಗೆ ಹೋಗಬೇಡ, ಅಲ್ಲೇ ಇರು. ನೀನು ಕೇಳಬೇಕು.